ಗಣಕಾನುತ್ಥಾನ ಮೀಮಾಂಸೆ

ಗುಂಡಿಯನ್ನೊತ್ತಿದರೂ ಗಣಕಯಂತ್ರವು ಎಚ್ಚರಗೊಳ್ಳದೆ ಮೌನವ್ರತವನ್ನಾಚರಿಸುವ ಅವಸ್ಥೆಗೆ 'ಅನುತ್ಥಾನ'ವೆಂದು ಹೆಸರು. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಸೀಮೆಯ ಅಡಿಕೆ ಬೆಳೆಗಾರರು ಇದನ್ನು 'ಸಿಸ್ಟಂ ಕೆಟ್ಟೈತಂತೆ' ಎಂಬ ಎರಡೇ ಪದಗಳಲ್ಲಿ ಮುಗಿಸಿಬಿಡುವುದರಿಂದ ಅವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

ರೋಗವಿನಿಶ್ಚಯಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಮಾಧವಕರನು ಹೇಳಿದ ಪಂಚಸಾಧನಗಳು ಇಲ್ಲಿಯೂ ಸಲ್ಲುವುವು. ಧೂಳು, ಹಲ್ಲಿ, ಗೋಡೆಯ ತೇವ, ತ್ರೀ ಫೇಸ್ ಬಂದೊಡನೆ ತೋಟದ ಮೋಟಾರುಗಳೆಲ್ಲ ಒಮ್ಮೆಗೇ ಏಳುವಾಗ ಕುಸಿದು ಬೀಳುವ ವೋಲ್ಟೇಜು, ಇವು ನಿದಾನ. ಮದರ್‌ಬೋರ್ಡಿನ ಮೇಲಿರುವ 3 ವೋಲ್ಟಿನ ಬಿಲ್ಲೆಬ್ಯಾಟರಿಯು ಕ್ಷೀಣಿಸಿ ಯಂತ್ರಕ್ಕೆ ಕಾಲಭ್ರಮೆಯುಂಟಾಗುವುದು ಪೂರ್ವರೂಪ. ಇಂತಹ ಯಂತ್ರವು 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಸಂಗತಿಯನ್ನೇ ಮರೆತು ಚನ್ನಗಿರಿಯನ್ನು ಮರಳಿ ಶಿವಮೊಗ್ಗಕ್ಕೆ ಸೇರಿಸಿಕೊಂಡರೂ ಆಶ್ಚರ್ಯಪಡತಕ್ಕದ್ದಲ್ಲ.

ರೂಪಗಳಲ್ಲಿ ನಾದಲಕ್ಷಣವೇ ಪ್ರಧಾನವಾದುದು. ಯಂತ್ರವನ್ನೆಬ್ಬಿಸುವ ಬಯಾಸ್ ತಂತ್ರಾಂಶದ ಅವಾರ್ಡ್ ಸಂಪ್ರದಾಯದಲ್ಲಿ ಒಂದು ದೀರ್ಘನಾದ ಮತ್ತು ಎರಡು ಹ್ರಸ್ವನಾದ, ಎಂದರೆ ಛಂದಶ್ಶಾಸ್ತ್ರದ ಭಗಣ, ಕೇಳಿಬಂದರೆ ಡಿಸ್‌ಪ್ಲೇ ಕಾರ್ಡಿನ ದೋಷವೆಂದು ತಿಳಿಯಬೇಕು. ಅದೇ ದೋಷವನ್ನು ಅಮೆರಿಕನ್ ಮೆಗಾಟ್ರೆಂಡ್ಸ್ ಸಂಪ್ರದಾಯದವರು ಎಂಟು ಲಘುಗಳಿಂದ ಸೂಚಿಸುವರು. ಈ ಮತಭೇದವನ್ನು ಪರಿಹರಿಸಲು ಒಂದು ವಿಚಾರಗೋಷ್ಠಿಯನ್ನೇ ಕರೆಯಬಹುದಾಗಿತ್ತು. ಆದರೆ ಈಗಿನ ಎಷ್ಟೋ ಪೆಟ್ಟಿಗೆಗಳಲ್ಲಿ ಆ ನಾದವನ್ನು ಹೊರಡಿಸತಕ್ಕ ಪುಟ್ಟ ಸ್ಪೀಕರನ್ನೇ ಜೋಡಿಸಿರುವುದಿಲ್ಲವಾದ್ದರಿಂದ ಉಭಯ ಸಂಪ್ರದಾಯಗಳೂ ಸಮಾನವಾಗಿ ಮೂಕವಾಗಿವೆ.

ಔಷಧವನ್ನು ಕೊಟ್ಟು ನೋಡಿ, ಗುಣವಾದರೆ ಅದರಿಂದ ರೋಗವನ್ನು ಊಹಿಸುವುದು ಉಪಶಯ. ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ, ಟಕ್ಕೆನ್ನುವವರೆಗೆ ಒತ್ತಿ ಕೂರಿಸುವುದು. ವಿದ್ಯುತ್ತನ್ನೊದಗಿಸುವ ಎಸ್‌ಎಂಪಿಎಸ್ ಮೇಲೆ ಸಂಶಯವಿದ್ದರೆ ಅದನ್ನು ಬೋರ್ಡಿನಿಂದ ಬೇರ್ಪಡಿಸಿ, ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ತುಂಡು ತಂತಿಯಿಂದ ಸಂಬಂಧ ಕಲ್ಪಿಸಿ, ಫ್ಯಾನು ತಿರುಗುವುದೋ ಎಂದು ನೋಡುವುದು. ಗ್ರಂಥವನ್ನೋದದ ರಿಪೇರಿ ಹುಡುಗರೂ ಈ ಕ್ರಮದಿಂದ ಯಂತ್ರಗಳನ್ನೆಬ್ಬಿಸಿಬಿಡುತ್ತಿರುವುದು ಶಾಸ್ತ್ರಕ್ಕೆ ಒದಗಿರುವ ದೊಡ್ಡ ಅಪಮಾನ.

ಐದನೆಯದಾದ ಸಂಪ್ರಾಪ್ತಿಯನ್ನು, ಎಂದರೆ ರೋಗವು ಒಳಗೆ ಹುಟ್ಟಿ ಬೆಳೆದ ಬಗೆಯನ್ನು, ವಿವರಿಸುವ ಉತ್ಸಾಹ ನನಗಿಲ್ಲ. ಈ ಸೀಮೆಯ ಒಂದು ಕಚೇರಿಯಲ್ಲಿ ಅದನ್ನು ಬೇಕಾದಷ್ಟು ಕೇಳಿದ್ದೇನೆ. ಮದರ್‌ಬೋರ್ಡೇ ಹೋಗಿದೆಯೆಂದೊಬ್ಬರು, ಹಾರ್ಡ್‌ಡಿಸ್ಕೆಂದು ಮತ್ತೊಬ್ಬರು, 'ದೂರು ದಾಖಲಿಸಲಾಗಿದೆ, ಪರಿಶೀಲನೆ ನಿರೀಕ್ಷಿಸಲಾಗಿದೆ' ಎಂದು ಕಾಗದವೊಂದು, ಹೀಗೆ ವಾಕ್ಯಾರ್ಥ ನಡೆಸುತ್ತಿರಲು, ಕೊಯ್ಲಿನ ಆಳುಗಳನ್ನು ತೋಟದಲ್ಲಿ ಬಿಟ್ಟು ಬೆಳೆಸಾಲಕ್ಕೆಂದು ಪಹಣಿ ಕೇಳಲು ಬಂದ ವೃದ್ಧರೊಬ್ಬರು ಕಿಟಕಿಯ ಸರಳು ಹಿಡಿದು ನಿಂತಿದ್ದರು.

"ಯಜಮಾನ್ರೇ, ಸೋಮವಾರ ಬರ್ರಿ."

"ಹೋದ ಸೋಮವಾರಾನೂ ಇದನ್ನೇ ಅಂದಿದ್ರಲ್ಲ ಸ್ವಾಮಿ."

ಅದಕ್ಕೆ ಯಾವ ಸಂಪ್ರದಾಯದಲ್ಲಿಯೂ ಉತ್ತರವಿರಲಿಲ್ಲ. ಯಾರೊಬ್ಬರೂ ರಬ್ಬರನ್ನು ಕೈಗೆತ್ತಿಕೊಳ್ಳಲಿಲ್ಲ. ಪೆಟ್ಟಿಗೆಯ ಮೇಲೆ ಗುತ್ತಿಗೆದಾರರ ಸೀಲು ಇತ್ತು, ಅದನ್ನು ಒಡೆದವನು ಲಿಖಿತ ವಿವರಣೆ ಕೊಡಬೇಕಾಗಿತ್ತು, ಒಡೆಯದೆ ಎಷ್ಟು ಜನರನ್ನು ಹಿಂದಕ್ಕೆ ಕಳುಹಿಸಿದರೂ ವಿವರಣೆ ಕೇಳುವವರಿರಲಿಲ್ಲ.

'ಭೂಮಿ' ಯೋಜನೆ ಬಂದ ಮೇಲೆ, ಅದುವರೆಗೆ ರಾಜ್ಯದ ಸುಮಾರು 9,000 ಗ್ರಾಮಲೆಕ್ಕಿಗರ ವಹಿಗಳಲ್ಲಿದ್ದ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೇರಿದವು, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಒಳ್ಳೆಯದೇ ಆಯಿತು; ಲೆಕ್ಕಿಗನ ಮರ್ಜಿಗೂ ಕಾಣಿಕೆಗೂ ತಕ್ಕಂತೆ ಕಾಲಮ್ಮುಗಳು ತುಂಬುತ್ತಿದ್ದ ಆ ದಿನಗಳು ಮರಳಿ ಬರಲೆಂದು ನಾನು ಹಂಬಲಿಸುವವನಲ್ಲ. ಆದರೆ ಲೆಕ್ಕಿಗನೊಡನೆ ರೈತನು ಜಗಳವನ್ನಾದರೂ ಆಡಬಹುದಾಗಿತ್ತು, ಊರ ಹಿರಿಯರಿಂದ ಹೇಳಿಸಬಹುದಾಗಿತ್ತು, ಕೊನೆಗೆ ಅವನ ಮನೆಯ ಜಗಲಿಯ ಮೇಲೆ ಹೋಗಿ ಕೂರಬಹುದಾಗಿತ್ತು. ಸೀಲು ಹಾಕಿದ ತಗಡಿನ ಪೆಟ್ಟಿಗೆಯ ಮುಂದೆ ಅವನು ಏನು ಮಾಡಬೇಕು? ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಬ್ಯಾಂಕಿನ ಗಡುವು, ಇವು ಯಾವ ರೂಪಕ್ಕೆ, ಯಾವ ಪೂರ್ವರೂಪಕ್ಕೆ ಸೇರುತ್ತವೆ?

ಆ ಪೆಟ್ಟಿಗೆಯ ಪಕ್ಕದ ಮುಚ್ಚಳಕ್ಕಿರುವುದು ಎರಡು ತಿರುಪು. ಅವನ್ನು ಬಿಚ್ಚುವ ಅನುಮತಿಯನ್ನು ಅಲ್ಲಿ ಕುಳಿತಿರುವ ನೌಕರನಿಗೆ ಬರೆದುಕೊಡಲಿ. ಈ ಮೀಮಾಂಸೆಯ ಉತ್ತರಾರ್ಧವನ್ನು ನಾನು ಬರೆಯುವುದಿಲ್ಲ.