ನದೀತಟ ಅಲ್ಪಸೌಕರ್ಯ ತಾತ್ಕಾಲಿಕ ವಾಸ್ತವ್ಯ: ಒಂದು ಬಹುಶಿಸ್ತೀಯ ತಾತ್ವಿಕ ಅಧ್ಯಯನ (ಭೂಸನೂರ ಸೀಮೆಯನ್ನು ಅನುಲಕ್ಷಿಸಿ)

1. ವ್ಯಾಖ್ಯೆ, ವ್ಯಾಪ್ತಿ ಮತ್ತು ಮಿತಿ

ಹೊಳೆಯ ದಂಡೆಯಲ್ಲಿ, ಗೋಡೆಯೆಂದು ಹೇಳಿಕೊಳ್ಳಲಾಗದ ಹೊದಿಕೆಯ ಕೆಳಗೆ, ಮನುಷ್ಯರು ಒಂದಕ್ಕಿಂತ ಹೆಚ್ಚು ರಾತ್ರಿ ಮಲಗಿ ಏಳುವ ಕ್ರಿಯೆಗೆ ‘ನದೀತಟ ಅಲ್ಪಸೌಕರ್ಯ ತಾತ್ಕಾಲಿಕ ವಾಸ್ತವ್ಯ’ ಎಂದು ಹೆಸರು. ಸಾಮಾನ್ಯರು ಇದನ್ನು ‘ಹೊಳಿ ದಂಡ್ಯಾಗ ಮಲಗೋದು’ ಎನ್ನುತ್ತಾರೆ. ಹಾಗೆ ಹೇಳಿದರೆ ಎಲ್ಲರಿಗೂ ಅರ್ಥವಾಗಿಬಿಡುವುದರಿಂದ ಆ ಮಾತಿಗೆ ಶಾಸ್ತ್ರದಲ್ಲಿ ಸ್ಥಾನವಿಲ್ಲ. ಗ್ರಂಥಗೌರವಕ್ಕಾಗಿ ಮುಂದೆ ಇದನ್ನು ನ.ಅ.ತಾ.ವಾ. ಎಂದು ಸಂಕ್ಷೇಪಿಸಲಾಗಿದೆ.

ನ.ಅ.ತಾ.ವಾ.ಕ್ಕೆ ಮೂರು ಆಯಾಮಗಳು: ಜಲೀಯ ಆಯಾಮ (ಹೊಳೆ), ಆಚ್ಛಾದನಾತ್ಮಕ ಆಯಾಮ (ತಾಡಪತ್ರಿ) ಮತ್ತು ಅನುಪಸ್ಥಿತ ಗೃಹದ ಆಯಾಮ (ಬೇರೆಲ್ಲೋ ಇರುವ ಮನೆ, ಅದಕ್ಕೆ ಹಾಕಿದ ಬೀಗ). ಮೂರನೆಯದೇ ಶಾಸ್ತ್ರದ ಜೀವಾಳ. ಮನೆಗೆ ಬೀಗ ಹಾಕಿ ಬಂದವನು ಶಿಬಿರವಾಸಿ. ಹಾಕಲು ಬೀಗವೇ ಇಲ್ಲದವನು ನಿರ್ವಸಿತ. ಮೊದಲನೆಯವನದು ಅನುಭವ, ಎರಡನೆಯವನದು ಸಮಸ್ಯೆ. ಇದನ್ನು ವಿದ್ವತ್ ವಲಯದಲ್ಲಿ ‘ಬೀಗ ಮಾನದಂಡ’ ಎಂದು ಕರೆಯಬಹುದು.

ಅಧ್ಯಯನದ ವ್ಯಾಪ್ತಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು. ಭೀಮೆ ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, 861 ಕಿ.ಮೀ. ಹರಿದು, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆಳಂದ ತಾಲ್ಲೂಕಿನ ಅಮರ್ಜಾ ಹೊಳೆ ಗಾಣಗಾಪುರದಲ್ಲಿ ಭೀಮೆಗೆ ಕೂಡುತ್ತದೆ. ಭೂಸನೂರನ್ನು ಕೇಂದ್ರವಾಗಿ ಆರಿಸಿಕೊಂಡಿರುವುದಕ್ಕೆ ಎರಡು ಕಾರಣ: ಅಲ್ಲಿ ಸಕ್ಕರೆ ಕಾರ್ಖಾನೆ ಇದೆ, ಪ್ರತಿ ಅಧ್ಯಯನಕ್ಕೂ ಒಂದು ಕೇಂದ್ರ ಇರಲೇಬೇಕು.

ಮಿತಿಗಳು: ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲು 44 ಡಿಗ್ರಿಯ ಆಸುಪಾಸಿಗೆ ಹೋಗುವುದರಿಂದ ವಿದ್ವಾಂಸರು ಕ್ಷೇತ್ರಕಾರ್ಯಕ್ಕೆ ಜನವರಿಯಲ್ಲಷ್ಟೇ ಬರುತ್ತಾರೆ. ಆದ್ದರಿಂದ ಶಾಸ್ತ್ರದ ಪ್ರಕಾರ ಇಲ್ಲಿ ವರ್ಷವಿಡೀ ಹಿತವಾದ ಚಳಿ.

2. ಪೂರ್ವಾಧ್ಯಯನ ಸಮೀಕ್ಷೆ

2.1 ಪಾಶ್ಚಾತ್ಯ ಪರಂಪರೆ. ನ.ಅ.ತಾ.ವಾ.ದ ಆದರ್ಶ ರೂಪ ಸ್ಕಾಟ್ಲೆಂಡಿನ ಮಲೆಸೀಮೆಯಲ್ಲಿ ದೊರೆಯುತ್ತದೆ. ಅಲ್ಲಿ ಬೆಟ್ಟದ ಬುಡದಲ್ಲಿ ತಣ್ಣನೆಯ ಹೊಳೆ, ಹೊಳೆಯ ಪಕ್ಕ ಹುಲ್ಲುಹಾಸು, ಹುಲ್ಲಿನ ಮೇಲೆ ಡೇರೆ. ಒಂದು ನಲ್ಲಿ, ಒಂದು ಶೌಚಾಲಯ ಇದ್ದರೆ ಅದು ‘ಅಲ್ಪಸೌಕರ್ಯ’ದ ತಾಣ. ಮಿಜ್ ಎಂಬ ಸಣ್ಣ ಹುಳು ಸಂಜೆಯಾದೊಡನೆ ಮೋಡವಾಗಿ ಎದ್ದು ಕಚ್ಚುತ್ತದೆ. ಕಚ್ಚಿಸಿಕೊಂಡವರು ಊರಿಗೆ ಹೋಗಿ ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2003ರ ಭೂಸುಧಾರಣಾ ಕಾಯ್ದೆಯು ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೇ ಆದರೂ ಬಹುಪಾಲು ಬಯಲು ಭೂಮಿಯಲ್ಲಿ ಓಡಾಡುವ, ಡೇರೆ ಹಾಕಿ ರಾತ್ರಿ ಕಳೆಯುವ ಹಕ್ಕನ್ನು ಅಲ್ಲಿ ಕೊಟ್ಟಿದೆ. ಜನ ಹೆಚ್ಚಾಗಿ ದಂಡೆ ಕೆಟ್ಟಾಗ, 2017ರಿಂದ ಲಾಕ್ ಲೊಮಂಡ್ ಸರೋವರದ ಸುತ್ತಿನ ಕೆಲವು ಕಡೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರವಾನಗಿ ಬೇಕೆಂದು ನಿಯಮವಾಯಿತು. ಬಯಲಲ್ಲಿ ಮಲಗುವುದಕ್ಕೂ ಪೈಪೋಟಿ ಹುಟ್ಟುವಷ್ಟು ಸುಖ ಒಂದು ದೇಶಕ್ಕೆ ಬರಬಹುದು ಎಂಬುದಕ್ಕೆ ಇದು ಆಧಾರ.

2.2 ದೇಶೀ ಪರಂಪರೆ. ಭೀಮೆಯ ದಂಡೆಯ ಸನ್ನತಿ, ಕನಗನಹಳ್ಳಿಗಳಲ್ಲಿ ಬೌದ್ಧ ಸ್ತೂಪಗಳಿದ್ದವು. ಮಳೆಗಾಲದಲ್ಲಿ ಅಲೆದಾಟ ನಿಲ್ಲಿಸಿ ಒಂದೆಡೆ ನೆಲೆಸುವುದು ಬೌದ್ಧ ಭಿಕ್ಷುಗಳ ನಿಯಮ. ಸನ್ನತಿಯ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಈ ಸೀಮೆಯಲ್ಲಿ ಚಕ್ರವರ್ತಿಯ ಆಜ್ಞೆಯೂ ಸೂರು ಬಿದ್ದ ಮೇಲೆಯೇ ಬೆಳಕಿಗೆ ಬರುವುದು ಎಂಬ ಪ್ರಮೇಯವನ್ನು ಇದರಿಂದ ಸಾಧಿಸಬಹುದು.

2.3 ತುಲನೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಎತ್ತರ 1,345 ಮೀಟರ್. ಭೂಸನೂರ ಸೀಮೆಯದು ಎರಿ ಹೊಲಗಳ ಬಯಲು. ಇಲ್ಲಿ ತಲೆ ಎತ್ತಿ ನೋಡಬೇಕಾದದ್ದು ಕಾರ್ಖಾನೆಯ ಚಿಮಣಿ. ಗಾಣಗಾಪುರದಲ್ಲಿ ಭಸ್ಮದ ಗುಡ್ಡ ಇದೆ. ಪೂರ್ವದ ಯಜ್ಞದ ಬೂದಿ ಎಂಬ ನಂಬಿಕೆಯಿಂದ ಭಕ್ತರು ಅದನ್ನು ಚೀಟಿಯಲ್ಲಿ ಕಟ್ಟಿಕೊಂಡು ಒಯ್ಯುತ್ತಾರೆ. ಶಿಬಿರವಾಸಿಗಳು ಗುಡ್ಡ ಹತ್ತುವ ಬದಲು ಗುಡ್ಡವನ್ನೇ ಮನೆಗೆ ಒಯ್ಯುವ ಪದ್ಧತಿ ಸ್ಕಾಟ್ಲೆಂಡಿನಲ್ಲಿ ಇನ್ನೂ ಬೆಳೆದಿಲ್ಲ.

3. ವರ್ಗೀಕರಣ

ಪ್ರೇರಣೆಯ ನೆಲೆಯಲ್ಲಿ ನ.ಅ.ತಾ.ವಾ.ವನ್ನು ಶುಲ್ಕಮೂಲ, ಸಂಕಲ್ಪಮೂಲ, ಮುಂಗಡಮೂಲ, ಪ್ರವಾಹಮೂಲ ಎಂದು ನಾಲ್ಕಾಗಿ ವಿಂಗಡಿಸಿ, ಪ್ರತಿಯೊಂದನ್ನೂ ಸ್ವೇಚ್ಛಾತ್ಮಕ, ಅರೆಸ್ವೇಚ್ಛಾತ್ಮಕ, ಸ್ವೇಚ್ಛಾಭಾಸಾತ್ಮಕ ಎಂದು ಮೂರಾಗಿ ಒಡೆದು, ಮತ್ತೆ ಶುಷ್ಕ ಮತ್ತು ಆರ್ದ್ರ ಎಂದು ಎರಡಾಗಿ ಸೀಳಿದರೆ ಇಪ್ಪತ್ನಾಲ್ಕು ಉಪವರ್ಗಗಳು ಸಿದ್ಧಿಸುತ್ತವೆ.

3.1 ಶುಲ್ಕಮೂಲ. ಕಾಳಿ ದಂಡೆಯ ದಾಂಡೇಲಿ, ಕಾವೇರಿ ದಂಡೆಯ ಭೀಮೇಶ್ವರಿಗಳಲ್ಲಿ ಇದರ ಪ್ರಬುದ್ಧ ರೂಪವಿದೆ. ಇಲ್ಲಿ ಅಸೌಕರ್ಯಕ್ಕೆ ಬೆಲೆ ಕಟ್ಟಿ ಮಾರಲಾಗುತ್ತದೆ. ಸೊಳ್ಳೆಗೆ ‘ಜೀವವೈವಿಧ್ಯ’, ಕತ್ತಲೆಗೆ ‘ನಕ್ಷತ್ರ ವೀಕ್ಷಣೆ’, ನೆಲದ ಮೇಲೆ ಕೂತು ಉಣ್ಣುವುದಕ್ಕೆ ‘ಗ್ರಾಮೀಣ ಅನುಭೂತಿ’ ಎಂದು ಹೆಸರು. ಭೂಸನೂರ ಸೀಮೆಯಲ್ಲಿ ಈ ಮೂರೂ ಪುಕ್ಕಟೆ ಸಿಗುವುದರಿಂದ ಶುಲ್ಕಮೂಲ ವರ್ಗ ಇಲ್ಲಿ ಬೇರೂರಿಲ್ಲ.

3.2 ಸಂಕಲ್ಪಮೂಲ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ನೃಸಿಂಹ ಸರಸ್ವತಿ ಸ್ವಾಮಿಗಳು ನೆಲೆಸಿದ್ದ ದತ್ತಕ್ಷೇತ್ರ. ಭಕ್ತರು ಭೀಮಾ–ಅಮರ್ಜಾ ಸಂಗಮದಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಔದುಂಬರ ವೃಕ್ಷದ ನೆರಳಿಗೆ ಬಂದು ಗುರುಚರಿತ್ರೆಯ ಪಾರಾಯಣಕ್ಕೆ ಕೂರುತ್ತಾರೆ. ಕೆಲವರದು ಏಳು ದಿನಗಳ ಸಪ್ತಾಹ. ಮಧ್ಯಾಹ್ನ ಮಧುಕರಿ: ಊರೊಳಗೆ ಹೋಗಿ ಐದು ಮನೆ ಬೇಡಿ ಉಣ್ಣುವುದು. ಕಾರು ಇಟ್ಟುಕೊಂಡವರೂ ಅಲ್ಲಿ ಜೋಳಿಗೆ ಹಿಡಿಯುತ್ತಾರೆ. ಆ ಹೊತ್ತಿಗೆ ಭಿಕ್ಷೆಗೆ ಬರುವವರ ನಡುವೆ ಯಾವುದೋ ವೇಷದಲ್ಲಿ ದತ್ತನೂ ಇರುತ್ತಾನೆ ಎಂಬ ನಂಬಿಕೆ ಇರುವುದರಿಂದ ನೀಡುವವರು ಯಾರನ್ನೂ ‘ನೀ ಯಾರು, ಯಾವೂರು’ ಎಂದು ಕೇಳುವುದಿಲ್ಲ. ಅತಿಥಿ ದೇವರಿರಬಹುದೆಂಬ ಅನುಮಾನದ ಮೇಲೆ ನಡೆಯುವ ಈ ವ್ಯವಸ್ಥೆ, ನಾಲ್ಕು ವರ್ಗಗಳಲ್ಲೂ ಆತಿಥ್ಯದ ದೃಷ್ಟಿಯಿಂದ ಶ್ರೇಷ್ಠವಾದದ್ದು. ಇಲ್ಲಿ ಶಾಸ್ತ್ರಕ್ಕೆ ಅಣಕಿಸಲು ಏನೂ ಸಿಗುವುದಿಲ್ಲ.

3.3 ಮುಂಗಡಮೂಲ. ಕಬ್ಬು ನೀರಿದ್ದಲ್ಲಿ ಬೆಳೆಯುತ್ತದೆ. ಕಬ್ಬು ಇದ್ದಲ್ಲಿಗೆ ಅದನ್ನು ಕಡಿಯುವವರು ಬರುತ್ತಾರೆ. ಹೀಗಾಗಿ ಅವರ ಜೋಪಡಿಗಳು ಹಳ್ಳ, ಹೊಳೆ, ಕಾಲುವೆಗಳ ಆಸುಪಾಸಿನಲ್ಲೇ ಏಳುತ್ತವೆ. ಈ ಭಾಗದಲ್ಲಿ ಕಡಿಯುವ ಗ್ಯಾಂಗುಗಳಲ್ಲಿ ಹಲವು ಮರಾಠವಾಡದ ಬೀಡ ಕಡೆಯವು; ತಾಂಡಾಗಳವರೂ ಇರುತ್ತಾರೆ. ದೀಪಾವಳಿಯ ಹೊತ್ತಿಗೆ ಬಂದು ಹಂಗಾಮು ಮುಗಿಯುವತನಕ ಇರುತ್ತಾರೆ. ಹೊರಡುವ ಮೊದಲೇ ಗ್ಯಾಂಗು ಕಟ್ಟುವ ಗುತ್ತಿಗೆದಾರ ಮುಕಾದಮನಿಂದ ‘ಉಚಲ್’ ಎಂಬ ಮುಂಗಡ ಪಡೆದಿರುತ್ತಾರೆ. ಗಂಡ ಹೆಂಡತಿ ಸೇರಿ ಲೆಕ್ಕದಲ್ಲಿ ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು.

3.3.1 ವಾಸ್ತುಶಿಲ್ಪ. ಬಿದಿರ ದಬ್ಬೆಗಳನ್ನು ಕಮಾನಿನಂತೆ ಬಗ್ಗಿಸಿ ಎರಡೂ ತುದಿ ನೆಲಕ್ಕೆ ಊರಿ, ಮೇಲೆ ತಾಡಪತ್ರಿ ಎಳೆದು, ಅಂಚಿಗೆ ಕಲ್ಲು ಹೇರಿದರೆ ಜೋಪಡಿ ಮುಗಿಯಿತು. ಒಳಗೆ ಹೋಗಲು ಬಾಗಬೇಕು. ಒಳಗೆ ಹೋದ ಮೇಲೂ ಬಾಗಿಯೇ ಇರಬೇಕು. ಇದನ್ನು ‘ವಿನಯಪ್ರಧಾನ ಶೈಲಿ’ ಎನ್ನಬಹುದು.

3.3.1.1 ಪೀಠೋಪಕರಣ. ಒಂದು ತಗಡಿನ ಪೆಟ್ಟಿಗೆ, ಎರಡು ಕೊಡ, ಹಿಟ್ಟಿನ ಡಬ್ಬಿ, ಸೀರೆಯ ತೊಟ್ಟಿಲು.

3.3.1.1.1 ತೊಟ್ಟಿಲಿನ ಸ್ಥಾನಪಲ್ಲಟ. ನಸುಕಿನ ಮೂರು, ನಾಲ್ಕು ಗಂಟೆಗೆ ಹೆಂಗಸು ಎದ್ದು ಮೂರು ಕಲ್ಲಿನ ಒಲೆಗೆ ಕಬ್ಬಿನ ಒಣ ರವದಿ ತುರುಕಿ ರೊಟ್ಟಿ ಬಡಿಯುತ್ತಾಳೆ. ರೊಟ್ಟಿ, ಖಾರ ಬಟ್ಟೆಯಲ್ಲಿ ಕಟ್ಟಿದ ಮೇಲೆ ಜೋಪಡಿಯ ಗಳಕ್ಕಿದ್ದ ಸೀರೆಯನ್ನು ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಹೊಲದ ಬದುವಿನಲ್ಲಿ ಮರವಿದ್ದರೆ ಆ ಸೀರೆ ಟೊಂಗೆಗೆ. ಇಲ್ಲದಿದ್ದರೆ ಬಂಡಿಯ ಕೆಳಗೆ, ಅಚ್ಚಿಗೆ. ಕೂಸು ಅಳುವುದು ಕೇಳಿದರೂ ಕೈಯಲ್ಲಿದ್ದ ಮೋಳಿಗೆ (ಕಬ್ಬಿನ ಹೊರೆ) ಕಟ್ಟಿಯೇ ಬರಬೇಕು.

3.3.1.1.1.1 ಎಂಬ ಉಪವರ್ಗವನ್ನೂ ಅದರ ಮುಂದಿನವುಗಳನ್ನೂ ಇಲ್ಲಿಗೆ ಕೈಬಿಡಲಾಗಿದೆ.

ಸ್ಕಾಟ್ಲೆಂಡಿನ ಅಳತೆಯಲ್ಲಿ ಅಲ್ಪಸೌಕರ್ಯವೆಂದರೆ ಒಂದು ನಲ್ಲಿ, ಒಂದು ಶೌಚಾಲಯ. ಜೋಪಡಿಗಳ ಸಾಲಿನಲ್ಲಿ ಅವೆರಡೂ ಇರುವುದು ಅಪರೂಪ. ಕುಡಿಯಲು ಹೊಲದವನ ಬೋರಿನ ನೀರು, ಅವನ ಮರ್ಜಿ ಇದ್ದಾಗ, ಉಳಿದದ್ದಕ್ಕೆ ಹಳ್ಳ. ಚರಿಗೆ ಹಿಡಿದು ಹೋಗಲು ಗಂಡಸರಿಗೆ ಇಡೀ ಬಯಲಿದೆ. ಹೆಂಗಸರಿಗೆ ಕತ್ತಲೆ ಮಾತ್ರ. ಕಬ್ಬು ಕಡಿದಂತೆಲ್ಲ ಮರೆಯೂ ಕಡಿದು ಹೋಗುತ್ತದೆ. ಅಂದರೆ ತಮ್ಮ ಮಾನದ ಪರದೆಯನ್ನು ತಾವೇ ಕಡಿದು ಲಾರಿಗೆ ಹೇರುವ ಕೆಲಸ ಅದು. ಮುಟ್ಟಿನ ದಿನಗಳಲ್ಲೂ ಮೋಳಿಗೆ ಹೊರಬೇಕು; ಒಂದು ದಿನ ತಪ್ಪಿದರೆ ‘ಖಾಡಾ’ ಎಂದು ದಂಡ ಬೀಳುತ್ತದೆ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿಯ ಮುಂದೆ ಬಂದ ಲೆಕ್ಕ ಇದು: ಬೀಡ ಜಿಲ್ಲೆಯಲ್ಲಿ ಸಮೀಕ್ಷೆಗೆ ಒಳಪಟ್ಟ 82,309 ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಮಂದಿಗೆ ಗರ್ಭಕೋಶ ತೆಗೆಯಲಾಗಿತ್ತು. ಈ ಅಂಕಿಗೆ ಯಾವ ಆಯಾಮದ, ಯಾವ ಸಂಕಥನದ, ಯಾವ ಸೈದ್ಧಾಂತಿಕ ಚೌಕಟ್ಟಿನ ಅಗತ್ಯವೂ ಇಲ್ಲ. ಚಹಾದ ಬಟ್ಟಲಿಗೆ ಸಕ್ಕರೆ ಹಾಕಿಕೊಳ್ಳುವ ಎಲ್ಲರಿಗೂ ಅದು ಹಾಗೆಯೇ ಅರ್ಥವಾಗಬೇಕು.

4. ಬೀಗ ಮಾನದಂಡದ ಮರುಪರಿಶೀಲನೆ

ಮುಂಗಡಮೂಲ ವರ್ಗದವರಿಗೂ ಊರಲ್ಲಿ ಮನೆ ಇದೆ. ಆ ಮನೆಗೆ ಬೀಗವಿದೆ, ಇಲ್ಲವೇ ಮುದುಕರ ಕಾವಲಿದೆ. ಬೀಗ ಮಾನದಂಡದ ಪ್ರಕಾರ ಅವರು ಸಂಪೂರ್ಣ ಶಿಬಿರವಾಸಿಗಳು. ದಾಂಡೇಲಿಯ ಡೇರೆಯಲ್ಲಿ ಮಲಗಿದವರಿಗೂ ಇವರಿಗೂ ಶಾಸ್ತ್ರದಲ್ಲಿ ಭೇದವಿಲ್ಲ. ಶಾಸ್ತ್ರ ಎಡವಿದ್ದು ಇಲ್ಲಿ. ನೋಡಬೇಕಾದದ್ದು ಬೀಗವನ್ನಲ್ಲ, ಬೇಕೆನಿಸಿದ ದಿನ ಅದನ್ನು ತೆರೆಯಲು ಹೋಗಬಹುದೇ ಎಂಬುದನ್ನು. ಪ್ರವಾಸಿ ಮಳೆ ಬಂದರೆ ಗಂಟು ಕಟ್ಟುತ್ತಾನೆ. ಭಕ್ತ ಸಪ್ತಾಹ ಮುಗಿದರೆ ಬಸ್ಸು ಹತ್ತುತ್ತಾನೆ. ಉಚಲ್ ತೀರದವನು ತಾಯಿ ಸತ್ತ ಸುದ್ದಿ ಬಂದರೂ ಮುಕಾದಮನನ್ನು ಕೇಳಿ ಹೋಗಬೇಕು. ಅನೇಕರಿಗೆ ಹಂಗಾಮಿನ ಕೊನೆಗೂ ಮುಂಗಡ ತೀರುವುದಿಲ್ಲ. ಬಾಕಿ ಮುಂದಿನ ವರ್ಷದ ಖಾತೆಗೆ ಹೋಗುತ್ತದೆ. ಆಗ ‘ತಾತ್ಕಾಲಿಕ’ ಎಂಬ ಭಾಗವನ್ನೂ ಶಾಸ್ತ್ರದ ಹೆಸರಿನಿಂದ ತೆಗೆಯಬೇಕಾಗುತ್ತದೆ.

5. ಪ್ರವಾಹಮೂಲ

ಭೀಮೆಗೆ ಈ ಸೀಮೆಯಲ್ಲಿ ಎರಡೇ ಸ್ಥಿತಿ: ಇಲ್ಲದಿರುವುದು, ವಿಪರೀತ ಇರುವುದು. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿ ಭೀಮೆಯಲ್ಲಿ ಕರ್ನಾಟಕಕ್ಕೆ 15 ಟಿಎಂಸಿ ಪಾಲು ಹೇಳಿದೆ. ಬೇಸಿಗೆಯಲ್ಲಿ ಅದರ ಲೆಕ್ಕ ಕೇಳಿ ಅಫಜಲಪುರದ ಜನ ಧರಣಿ ಕೂರುತ್ತಾರೆ. ಮಳೆಗಾಲದಲ್ಲಿ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯ ತುಂಬಿ ಬಾಗಿಲು ತೆಗೆದಾಗ ಕೇಳದೆಯೂ ನೀರು ಬರುತ್ತದೆ.

2020ರ ಅಕ್ಟೋಬರ್ ಮಧ್ಯದಲ್ಲಿ ಹಾಗೆ ಬಂದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳ ಜನ ಶಾಲೆಗಳಲ್ಲಿ ತೆರೆದ ಕಾಳಜಿ ಕೇಂದ್ರ ಸೇರಿದರು. ಕೊರೊನಾದಿಂದ ಮಕ್ಕಳಿಲ್ಲದೆ ಮುಚ್ಚಿದ್ದ ಕೋಣೆಗಳಿಗೆ ಊರೇ ಬಂದು ಮಲಗಿತು. ಕೊಯ್ಲಿಗೆ ಬರಬೇಕಿದ್ದ ತೊಗರಿ, ಹತ್ತಿ ನೀರಲ್ಲಿ ಕೊಳೆತವು. ಇವರ ಮನೆಗಳಿಗೂ ಬೀಗ ಹಾಕಿತ್ತು. ಬೀಗ ನೀರಿನೊಳಗೆ ಇತ್ತು.

ಈ ವರ್ಗದ ಅಧ್ಯಯನಕ್ಕೆ ಆಡಳಿತ ಒಂದು ವಿಶಿಷ್ಟ ಸಂಶೋಧನಾ ವಿಧಾನವನ್ನು ರೂಢಿಸಿಕೊಂಡಿದೆ: ವೈಮಾನಿಕ ಸಮೀಕ್ಷೆ. ಇದರ ಅನುಕೂಲಗಳು ಮೂರು. ಮೇಲಿನಿಂದ ನೋಡಿದಾಗ ನೀರು ಸುಂದರವಾಗಿ ಕಾಣುತ್ತದೆ. ನೀರಿನಲ್ಲಿ ನಿಂತವರು ಸಣ್ಣದಾಗಿ ಕಾಣುತ್ತಾರೆ. ಅವರು ಹೇಳುವುದು ರೆಕ್ಕೆಯ ಸದ್ದಿನಲ್ಲಿ ಕೇಳಿಸುವುದಿಲ್ಲ.

6. ಉಪಸಂಹಾರ ಮತ್ತು ಶಿಫಾರಸುಗಳು

ಸ್ಕಾಟ್ಲೆಂಡಿನವರು ಬಯಲಲ್ಲಿ ಮಲಗುವ ಹಕ್ಕಿಗಾಗಿ 2003ರಲ್ಲಿ ಕಾಯ್ದೆ ಮಾಡಿಕೊಂಡರು. ಅದಕ್ಕೂ 24 ವರ್ಷ ಮೊದಲೇ, 1979ರಲ್ಲಿ, ಭಾರತದ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಮಾಡಿತು. ಕೂಲಿಗಾಗಿ ಬೇರೆ ರಾಜ್ಯಕ್ಕೆ ಕರೆದೊಯ್ದವರಿಗೆ ಗುತ್ತಿಗೆದಾರನು ತಕ್ಕ ವಸತಿ, ಉಚಿತ ವೈದ್ಯಕೀಯ ಸೌಲಭ್ಯ ಕೊಡಬೇಕೆಂದು ಅದರಲ್ಲಿ ಬರೆದಿತ್ತು. ಹಾಗಾದರೆ ಜವಾಬ್ದಾರಿ ಯಾರದು ಎಂದು ಕೇಳಿದರೆ ಕಾರ್ಖಾನೆಗಳು ಮುಕಾದಮನನ್ನು ತೋರಿಸುತ್ತವೆ, ಮುಕಾದಮ ಕಾರ್ಖಾನೆಯನ್ನು ತೋರಿಸುತ್ತಾನೆ. ಇಬ್ಬರ ಬೆರಳುಗಳ ನಡುವೆ ತಾಡಪತ್ರಿ ಇದೆ. ಆ ಕಾಯ್ದೆಯೂ ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ವಿಲೀನವಾಗಿದೆ.

ಈ ವಿಷಯದ ಮೇಲೆ ಮುಂದಿನ ಅಧ್ಯಯನಗಳಿಗೆ ಹೇರಳ ಅವಕಾಶವಿದೆ ಎಂದು ಬರೆದು ಮುಗಿಸುವುದು ಪದ್ಧತಿ. ಆ ಅಗತ್ಯವಿಲ್ಲ. ಹಂಗಾಮು ಯಾವಾಗ ಶುರುವಾಗುತ್ತದೆ, ಎಷ್ಟು ಗ್ಯಾಂಗು ಬರುತ್ತವೆ, ಯಾವ ಹೊಲಕ್ಕೆ ಯಾರು ಹೋಗುತ್ತಾರೆ ಎಂಬುದೆಲ್ಲ ಕಾರ್ಖಾನೆಗಳ ಕಬ್ಬು ವಿಭಾಗಗಳಿಗೆ ಮೊದಲೇ ಗೊತ್ತಿರುತ್ತದೆ. ಜೋಪಡಿ ಏಳುವ ವಾರದಲ್ಲೇ ಅಲ್ಲಿಗೆ ಒಂದು ನಲ್ಲಿ ಬರಬೇಕು. ಹೆಂಗಸರಿಗೆ ಬಾಗಿಲಿರುವ, ದೀಪವಿರುವ ಶೌಚಾಲಯ ಬರಬೇಕು. ವಾರಕ್ಕೊಮ್ಮೆ ನರ್ಸ್ ಬರಬೇಕು, ಮಕ್ಕಳಿಗೆ ಮರಾಠಿ ಬಲ್ಲ ಒಬ್ಬ ಶಿಕ್ಷಕ ಬರಬೇಕು. ಖಾಡಾ ನಿಲ್ಲಬೇಕು, ಉಚಲ್‌ನ ಲೆಕ್ಕ ಕಾಗದದ ಮೇಲೆ ಕಡಿಯುವವರ ಕೈಯಲ್ಲೂ ಇರಬೇಕು. ಇಷ್ಟಾದರೆ ಭೂಸನೂರ ಸೀಮೆಯ ವಾಸ್ತವ್ಯ ಸ್ಕಾಟ್ಲೆಂಡಿನವರು ಅತಿ ಕನಿಷ್ಠ ಎಂದು ಕರೆಯುವ ಮಟ್ಟವನ್ನು ಮುಟ್ಟುತ್ತದೆ.