ಶುನಕನಿಗ್ರಹ ಮೀಮಾಂಸೆ: ಬಿಳಿಗೆರೆಯ ಒಂದು ನಡುಮನೆಯನ್ನು ಅನುಲಕ್ಷಿಸಿ

ಪ್ರಸ್ತುತ ಸಂಪ್ರಬಂಧದ ಕ್ಷೇತ್ರ ನಂಜನಗೂಡು ತಾಲ್ಲೂಕು ಬಿಳಿಗೆರೆಯ ಒಂದು ಹೆಂಚಿನ ಮನೆ. ಮುಂದೆ ಜಗಲಿ, ಹಿಂದೆ ಹಿತ್ತಿಲು. ಅಧ್ಯಯನದ ವಸ್ತು ಇವೆರಡರ ನಡುವೆ, ಯಾರೂ ದಾಟಲಾಗದಂತೆ ಕಾಲು ಚಾಚಿ ಮಲಗಿದೆ. ಹೆಸರು ಕರಿಯ, ಬಣ್ಣ ಕಂದು. (ಈ ವಿರೋಧವನ್ನು ಬೇರೊಂದು ಪ್ರಬಂಧದಲ್ಲಿ ಚರ್ಚಿಸಲಾಗುವುದು.)

‘ಬೇಡದ ನಡತೆ’ ಎಂಬ ಪರಿಭಾಷೆಯನ್ನು ಮೊದಲು ನಿಷ್ಕರ್ಷೆ ಮಾಡಬೇಕು. ಬೇಡದ್ದು ಯಾರಿಗೆ? ಚಪ್ಪಲಿ ಕಡಿಯುವುದು, ಅಡುಗೆಮನೆಯ ಹೊಸ್ತಿಲು ದಾಟುವುದು, ಉಣ್ಣುವವರ ಎದುರು ಕೂತು ತುತ್ತು ಎಣಿಸುವುದು, ಇವು ನನಗೆ ಬೇಡ. ಅವ್ವನಿಗೆ ಬೇಡದ ನಡತೆ ಒಂದೇ: ನಾನು ಕರಿಯನನ್ನು ಬೈಯುವುದು. ವಿದ್ವಾಂಸರಲ್ಲಿ ಹೀಗೆ ಭಿನ್ನಾಭಿಪ್ರಾಯವಿರುವುದರಿಂದ ನಿಷ್ಕರ್ಷೆಯನ್ನು ಮುಂದೂಡಲಾಗಿದೆ.

ಪೂರ್ವಸೂರಿಗಳಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಅಗ್ರಗಣ್ಯ. 12ನೆಯ ಶತಮಾನದ ಅವನ ‘ಮಾನಸೋಲ್ಲಾಸ’ ನಾಯಿಗಳನ್ನು ರಾಜವಿನೋದದ ಸಾಲಿಗೇ ಸೇರಿಸಿತು. ಆದರೆ ಅದು ಬೇಟೆನಾಯಿಯ ಶಾಸ್ತ್ರ, ಅರಮನೆಯ ಶಾಸ್ತ್ರ. ಚಪ್ಪಲಿ ಕಾಯಲು ಆಳಿರುವವನಿಗೆ ನಡುಮನೆಯ ಸಂಕಟ ತಿಳಿಯದು.

ಇನ್ನು ಪ್ರಯೋಗಗಳು. ಮೊದಲನೆಯದು ಶಬ್ದಪ್ರಯೋಗ. ನಾಯಿ ಅಟ್ಟುವ ‘ಹಚಾ’ ಎಂಬುದು ವೈಯಾಕರಣ ಕೇಶಿರಾಜನ ಲೆಕ್ಕದಲ್ಲಿ ಅವ್ಯಯವೇ ಆಗಬೇಕು: ಲಿಂಗ, ವಚನ, ವಿಭಕ್ತಿಗಳ ವಿಕಾರ ಅದಕ್ಕಿಲ್ಲ. ಕರಿಯನಲ್ಲೂ ಅದು ಯಾವ ವಿಕಾರವನ್ನೂ ಉಂಟುಮಾಡಲಿಲ್ಲ. ಕಾರಣ ಹುಡುಕುತ್ತ ಮೂರು ರಾತ್ರಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ಕ್ಷೇತ್ರಕಾರ್ಯ ನಡೆಸಿದೆ. ನಾನು ಉಂಡು ಎದ್ದ ಮೇಲೆ ಅವ್ವ ಮುದ್ದೆಯ ಒಂದು ತುಣುಕು ಮುರಿದು, ಹುರುಳಿ ಸಾರಿನಲ್ಲಿ ಅದ್ದಿ, “ಹಚಾ ನನ್ ಮಗ್ನೇ, ಹಚಾ” ಎನ್ನುತ್ತ ಹಾಕುತ್ತಾಳೆ. ರಷ್ಯದ ಪಾವ್ಲೋವ್ 1904ರಲ್ಲಿ ನೊಬೆಲ್ ಪಡೆದದ್ದು ಜೀರ್ಣಕ್ರಿಯೆಯ ಸಂಶೋಧನೆಗಾದರೂ, ಜಗತ್ತು ಅವನನ್ನು ನೆನೆಯುವುದು ಸದ್ದು ಕೇಳಿದೊಡನೆ ಜೊಲ್ಲು ಸುರಿಸುವ ನಾಯಿಗಳಿಂದ. ಬಿಳಿಗೆರೆಯ ಪಾಠಾಂತರದಲ್ಲಿ ಗಂಟೆಯ ಜಾಗದಲ್ಲಿ ‘ಹಚಾ’ ಇದೆ, ಅಷ್ಟೆ. ನಾನು ಗದರಿದಷ್ಟೂ ಕರಿಯ ಬಾಲ ಆಡಿಸಿಕೊಂಡು ಹತ್ತಿರ ಬರುತ್ತಿದ್ದ. ಅವನ ನಿಘಂಟಿನಲ್ಲಿ ಅದರ ಅರ್ಥ ‘ಉಣ್ಣು ಬಾ’.

“ಯಾಕವ್ವಾ ಹಿಂಗ್ ಮಾಡ್ತೀಯ?” ಎಂದೆ.

“ಹಸ್ಕೊಂಡ್ ನೋಡ್ತಾ ಕೂತದೆ ಕಣ್ಲಾ. ನೀನು ಬಿಡು, ಓದ್ದೋನು.”

ಎರಡನೆಯದು ಬೇವಿನೆಣ್ಣೆ ಪ್ರಯೋಗ. ಮರಿಯ 28 ಹಾಲುಹಲ್ಲು ಉದುರಿ 42 ಹಲ್ಲು ಬರುವ ನಾಲ್ಕರಿಂದ ಆರನೆಯ ತಿಂಗಳಲ್ಲಿ ವಸಡು ನವೆಯುತ್ತದೆ, ಸಿಕ್ಕಿದ್ದನ್ನು ಕಡಿಯುತ್ತದೆ. ಆಗ ಕಡಿಯಬಹುದಾದ್ದನ್ನು ಬಾಯಿಗೆ ಕೊಟ್ಟು, ಕಡಿಯಬಾರದ್ದಕ್ಕೆ ಕಹಿ ಹಚ್ಚಬೇಕು. ಹಾಗೇ ಮಾಡಿದೆ. ಕರಿಯ ನಾನು ಕೊಟ್ಟ ತೆಂಗಿನ ಮಟ್ಟೆಯನ್ನು ನಿಷ್ಠೆಯಿಂದ ಕಾವಲು ಕಾದ. ಕಡಿದದ್ದು ಚಪ್ಪಲಿಯನ್ನೇ, ಅದೂ ಎಡಗಾಲಿನದನ್ನು. ಬೇವಿನೆಣ್ಣೆಯಿಂದ ನನ್ನ ಕಾಲಿನ ಬಿರುಕು ಮಾತ್ರ ವಾಸಿಯಾಯಿತು.

ಮೂರನೆಯದು ಪಶ್ಚಾತ್ತಾಪ ಪ್ರಕರಣ. ನಾಯಿ ತಪ್ಪು ಮಾಡಿ ತಲೆ ತಗ್ಗಿಸುತ್ತದೆ ಎಂಬುದು ಲೋಕರೂಢಿ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷಿಸಿದರು. ಆ ಸಪ್ಪೆ ಮೋರೆ ಬರುವುದು ಒಡೆಯ ಬೈದಾಗ. ತಪ್ಪು ಮಾಡಿದ್ದಕ್ಕೂ ಅದಕ್ಕೂ ನಂಟಿಲ್ಲ. ನಮ್ಮಲ್ಲಿ ಇದಕ್ಕೆ ಸ್ವತಂತ್ರ ಪ್ರಮಾಣ ದೊರೆತಿದೆ: ಪಕ್ಕದ ಮನೆಯ ಆಡು ಅಪ್ಪನ ಪಂಚೆ ಮೇಯ್ದ ದಿನವೂ ತಲೆ ತಗ್ಗಿಸಿ ನಿಂತವನು ಕರಿಯನೇ. ಸಂಜೆ ಮನೆಗೆ ಬಂದು ಬೆಳಗಿನ ಅಪರಾಧಕ್ಕೆ ಬೈಯುವುದು ಆದ್ದರಿಂದ ವ್ಯರ್ಥ. ನಾನು ಬೈಯುತ್ತೇನೆ, ಅದು ಬೇರೆ ಮಾತು.

ಹೀಗೆ ಮೂರೂ ಪ್ರಯೋಗ ಮುಗ್ಗರಿಸಿದ ಮೇಲೆ ಶಾಸನಗಳಿಗೆ ಶರಣಾದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ಕಲ್ಲು ನಿಮಗೆ ಗೊತ್ತಿರಬಹುದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯ ಮೆಚ್ಚಿ ‘ಬೇಡು’ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಕಾಳಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನ್ನ ಸಂಶೋಧನೆಗೆ ಬೇಕಾದದ್ದು ಅದರಾಚೆಯ ಶಾಪವಾಕ್ಯ: ಕಲ್ಲು ನಿಂತ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಎಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ.

ಎಂದರೆ ನಾಯಿಗೆ ಸಲ್ಲಬೇಕಾದ್ದು ಸಲ್ಲುವ ಮೊದಲು ಉಂಡವನೇ ಪಾಪಿ. ಇದನ್ನು ಅವ್ವನಿಗೆ ಓದಿ ಹೇಳಬಾರದಿತ್ತು. ಅಂದಿನಿಂದ ಕರಿಯನ ತಟ್ಟೆಗೆ ಬೀಳದೆ ನನ್ನ ತಟ್ಟೆಗೆ ಮುದ್ದೆ ಬೀಳುತ್ತಿಲ್ಲ. ಹರಿದ ಚಪ್ಪಲಿಗಳೂ ಮೊದಲು ಉಂಡ ನನ್ನ ಲೆಕ್ಕಕ್ಕೇ ಜಮೆಯಾಗಿವೆ.

ಎಡಗಾಲಿನ ಹವಾಯಿ ಚಪ್ಪಲಿಯೊಂದನ್ನೇ ಮಾರುವ ಅಂಗಡಿ ನಂಜನಗೂಡಿನಲ್ಲಾಗಲಿ ತಿ. ನರಸೀಪುರದಲ್ಲಾಗಲಿ ಇದ್ದರೆ ಓದುಗರು ದಯಮಾಡಿ ತಿಳಿಸಬೇಕು. ನಂಬರು ಒಂಬತ್ತು. ಬಲಗಾಲಿನವು ನನ್ನಲ್ಲಿ ನಾಲ್ಕಿವೆ.