ಇಲ್ಲಿ ಹೆಣ್ಣೇ ಬೇಕು

ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ಮನೆಯಲ್ಲಿ ತಲಾ ಮೂರು ಗಾಂಜಾ ಗಿಡ ಬೆಳೆಸಿಕೊಳ್ಳಬಹುದು. ತಾರೀಖು ನೋಡಿ ಇದು ತಮಾಷೆ ಅಂದುಕೊಂಡವರಲ್ಲಿ ಸ್ಟುಟ್‌ಗಾರ್ಟಿನ ನಮ್ಮ ಪಕ್ಕದ ಮನೆಯ ನಿವೃತ್ತ ಎಂಜಿನಿಯರೂ ಒಬ್ಬರು. ಖಾತ್ರಿಯಾದ ಮೇಲೆ ನನ್ನನ್ನು ಮೆಟ್ಟಿಲಲ್ಲೇ ಅಡ್ಡಹಾಕಿ, "ಬೀಜ ಹಾಕಲೋ, ಕಡ್ಡಿ ನೆಡಲೋ?" ಅಂದರು. ನಾನು ಭಾರತದವನಂತೆ, ಗೊತ್ತಿರಲೇಬೇಕಂತೆ. ಯೋಗ, ಮಸಾಲೆ, ಗಾಂಜಾ ಮೂರಕ್ಕೂ ಇಲ್ಲಿ ನಾವೇ ಜವಾಬ್ದಾರರು.

ಮರ್ಯಾದೆಯ ಪ್ರಶ್ನೆ, ಓದಿಕೊಂಡೆ. ಈ ಜಾತಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೇಕಾದದ್ದು ಹೆಣ್ಣಿನ ಹೂವು. ಸಾದಾ ಬೀಜ ಬಿತ್ತಿದರೆ ಹೆಚ್ಚುಕಡಿಮೆ ಅರ್ಧ ಗಂಡು. ವಾರಗಟ್ಟಲೆ ನೀರು, ಗೊಬ್ಬರ ಮುಕ್ಕಿದ ಮೇಲೆ ಗೆಣ್ಣಿನ ಸಂದಿಯಲ್ಲಿ ಗುಂಡನೆಯ ಪುಟ್ಟ ಮೊಗ್ಗು ಕಂಡರೆ ಗಂಡು, ಬಿಳಿ ಎಳೆಗಳೆರಡು ಇಣುಕಿದರೆ ಹೆಣ್ಣು. ಗಂಡನ್ನು ಉಳಿಸಿದರೆ ಪರಾಗ ಹಾರಿ ಹೆಣ್ಣುಗಳೆಲ್ಲ ಬೀಜ ಕಟ್ಟಿಬಿಡುತ್ತವೆ, ಅದಕ್ಕೇ ಕಿತ್ತೆಸೆಯುತ್ತಾರೆ. ಗಂಡು ಮಗುವಿಗೆಂದು ಕಂಡ ಕಂಡ ದೇವರಿಗೆ ಹರಕೆ ಹೊತ್ತ ನಮ್ಮ ಮನೆತನದ ಹಿರಿಯರು ಒಮ್ಮೆ ಈ ಬಾಲ್ಕನಿ ನೋಡಬೇಕಿತ್ತು.

ಇದಕ್ಕೂ ಉಪಾಯವಿದೆ. ಹೆಣ್ಣು ಗಿಡಕ್ಕೆ ಬೆಳ್ಳಿಯ ದ್ರಾವಣ ಸಿಂಪಡಿಸಿ, ಅದರಲ್ಲೇ ಪರಾಗ ಬರಿಸಿ, ಇನ್ನೊಂದು ಹೆಣ್ಣಿಗೆ ದಾಟಿಸುತ್ತಾರೆ. ಹಾಗೆ ಕಟ್ಟಿದ ಬೀಜ ಬಹುಪಾಲು ಹೆಣ್ಣೇ. ಅಪ್ಪನ ಜಾಗದಲ್ಲೂ ಅಮ್ಮ! "ಹಾಗಾದರೆ ಬೀಜವೇ ಆಯ್ತಲ್ಲ" ಅಂದೆ. ಎಂಜಿನಿಯರಿಗೆ ಸಮಾಧಾನವಿಲ್ಲ. ಒಂದೇ ಪೊಟ್ಟಣದ ಬೀಜವಾದರೂ ಒಂದು ಎತ್ತರ, ಒಂದು ಗಿಡ್ಡ, ಇನ್ನೊಂದಕ್ಕೆ ಹೂ ಬಿಡುವ ಮನಸ್ಸೇ ಇಲ್ಲ. ಅಳತೆ ತಪ್ಪಿದ್ದನ್ನು ಅವರು ಜೀವಮಾನದಲ್ಲಿ ಸಹಿಸಿದವರಲ್ಲ.

ಕಡ್ಡಿಯಾದರೆ ತಾಯಿಯ ಪಡಿಯಚ್ಚು. ಆದರೆ ಗುಣದ ಜೊತೆ ತಾಯಿಯ ಕಾಯಿಲೆಯೂ ಬಳುವಳಿಯಾಗಿ ಬರುತ್ತದೆ. ಹಾಪ್ ಲೇಟೆಂಟ್ ವೈರಾಯ್ಡ್ ಎಂಬುದೊಂದಿದೆ, ಲಕ್ಷಣವನ್ನೇ ತೋರಿಸದೆ ಒಳಗೇ ಕೂತಿರಬಲ್ಲದು. ಎಲೆಯಡಿಯಲ್ಲಿ ನುಸಿ ಬಂದರಂತೂ ಮೇಲೆಲ್ಲ ಬಿಳಿ ಚುಕ್ಕೆ, ಸಂದಿಯಲ್ಲಿ ಸಣ್ಣ ಬಲೆ. ಯಜಮಾನರು ಭೂತಗನ್ನಡಿ ಹಿಡಿದು ಒಂದೊಂದೇ ಎಲೆ ಮಗುಚುವುದನ್ನು ನೋಡಿದರೆ ಪಾಸ್‌ಪೋರ್ಟ್ ತಪಾಸಣೆಯೇ ಸಲೀಸು ಅನ್ನಿಸುತ್ತಿತ್ತು.

ಸರ್ಕಾರವೂ ಈ ಜಿಜ್ಞಾಸೆಯನ್ನು ಬಗೆಹರಿಸಿಲ್ಲ. ಬೆಳೆಗಾರರ ಸಂಘಗಳು ಒಬ್ಬರಿಗೆ ತಿಂಗಳಿಗೆ 7 ಬೀಜ ಅಥವಾ 5 ಕಡ್ಡಿ ಕೊಡಬಹುದು ಎಂದು ಕಾನೂನಿನಲ್ಲೇ ಬರೆದು ಕೈತೊಳೆದುಕೊಂಡಿದೆ.

ಈ ನಡುವೆ ಧಾರವಾಡದಿಂದ ವಿಡಿಯೊ ಕಾಲ್‌ನಲ್ಲಿ ಅವ್ವ ನನ್ನ ಹೆಗಲ ಮೇಲಿಂದ ಪಕ್ಕದ ಬಾಲ್ಕನಿ ನೋಡಿದಳು. "ಏ, ಪುಂಡಿಪಲ್ಯಾ ಭಾಳ ಚಲೋ ಬೆಳದೈತಲ್ಲೋ! ನಾಕ್ ಎಲಿ ಇಸ್ಕೊಂಡ್ ಬಾ." ಅವಳ ತಪ್ಪೇನಿಲ್ಲ, ಎಲೆ ಹಾಗೇ ಬೆರಳು ಬಿಡಿಸಿದಂತಿದೆ. ಹೆಂಡತಿ ಫೋನನ್ನೇ ಗೋಡೆಯ ಕಡೆ ತಿರುಗಿಸಿದಳು.

ಮೂರೇ ಕುಂಡ, ಬಾಡಿಗೆ ಮನೆ, ಚಿಕ್ಕ ಬೇಸಿಗೆ. ಇಷ್ಟರಲ್ಲಿ ಗಂಡೋ ಹೆಣ್ಣೋ ಎಂದು ಕಾಯುವ ಪುರುಸೊತ್ತಿಲ್ಲ. ನಂಬಿಗಸ್ತರ ತಾಯಿಗಿಡ ಸಿಕ್ಕರೆ ಕಡ್ಡಿಯೇ ಮೇಲು, ಸಿಗದಿದ್ದರೆ ಹೆಣ್ಣು ಬೀಜ. ಇದು ನನ್ನ ತೀರ್ಪು.

ಊರಿನ ಓದುಗರು ಮಾತ್ರ ಇದನ್ನು ಓದಿ ನಕ್ಕು ಬಿಟ್ಟುಬಿಡಿ. ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯಂತೆ ಗಾಂಜಾ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, ಮೇಲೆ ದಂಡ. ಬೀಜದಿಂದ ಬಂದದ್ದೋ ಕಡ್ಡಿಯಿಂದ ಬಂದದ್ದೋ ಎಂದು ನ್ಯಾಯಾಧೀಶರು ಕೇಳುವುದಿಲ್ಲ.